ನಟ್ಟಿಯ ಪಾದಕ್ಕೆ ಸುಟ್ಟ ಎಣ್ಣೆ

ಮೆಕ್ಯಾನಿಕ್‌ನ ನಾಯಿ ಪಾದ ಕಡಿದುಕೊಳ್ಳುವುದನ್ನು ನಿಲ್ಲಿಸಲೇ ಇಲ್ಲ. ಮರಿಯಾಗಿದ್ದಾಗ ಗ್ಯಾರೇಜಿನ ನಟ್ಟುಗಳನ್ನು ಕದ್ದೊಯ್ಯುತ್ತಿತ್ತೆಂದು ಅದಕ್ಕೆ ನಟ್ಟಿ ಎಂದೇ ಹೆಸರು. ಈಗ ಅದಕ್ಕೂ ಒಂದು ಮರಿ. ಗಾಡಿ ತೊಳೆದ ನೀರೆಲ್ಲ ನಿಲ್ಲುವ ಹಿತ್ತಲ ಮೂಲೆಯಲ್ಲೇ ತಾಯಿ-ಮರಿ ಎರಡನ್ನೂ ಕಟ್ಟುತ್ತಿದ್ದರು. ಹೇಲೂ ಅಲ್ಲೇ, ಮಲಗುವ ಗೋಣಿಚೀಲವೂ ಅಲ್ಲೇ. ನಟ್ಟಿಯ ಬೆರಳ ಸಂದು ಕೆಂಪಾಗಿ, ಪಾದ ಊದಿ, ಹೊಟ್ಟೆಯ ಮೇಲೂ ಗುಳ್ಳೆ ಎದ್ದಿತ್ತು.

“ಡಾಕ್ಟರಿಗೆ ತೋರಿಸೋಣ ರೀ,” ಎಂದಳು ಹೆಂಡತಿ.

“ನಾಯಿ ಕಜ್ಜಿಗೂ ಡಾಕ್ಟರಾ? ಇಂಜಿನ್ನಿಂದ ತೆಗೆದ ಸುಟ್ಟ ಆಯಿಲ್ ಬಳಿದ್ರೆ ಮಾಯ.”

ಪಕ್ಕದಂಗಡಿಯ ಟೈಲರಕ್ಕ ಹೊಲಿಗೆ ಬಿಟ್ಟು ಬಂದಳು. “ಬೇಡಪ್ಪಾ. ನಮ್ಮ ನಾಯಿಗೂ ಹೀಗೇ ಆಗಿತ್ತು, ಡಾಕ್ಟ್ರು ಹುಳದ ಕಾಟ ಅಂದ್ರು. ಆಯಿಲ್ ನೆಕ್ಕಿದ್ರೆ ವಿಷ ಕಣಪ್ಪಾ.”

“ನೀವು ಕಾಜಾ ಹೊಲೀರಿ ಅಕ್ಕಾ. ಎಣ್ಣೆ ವಿಷಯ ನನಗೆ ಬಿಡಿ,” ಎಂದು ನಕ್ಕ.

ಬಳಿದೇಬಿಟ್ಟ. ಅವನು ಬೆನ್ನು ತಿರುಗಿಸಿದ್ದೇ ತಡ, ನಟ್ಟಿ ನೆಕ್ಕತೊಡಗಿತು. ಸಂಜೆಗೆ ವಾಂತಿ. ಬೆಳಗಾದಾಗ ಉಸಿರಾಡಲೂ ಒದ್ದಾಟ. ಆಗ ಎತ್ತಿಕೊಂಡು ಓಡಿದ.

ಪಶುವೈದ್ಯೆ ನಾಯಿಯ ತುಟಿ ಎತ್ತಿ ವಸಡು ತೋರಿಸಿದರು. ಸುಣ್ಣದ ಹಾಗೆ ಬಿಳಿ.

“ಕೊಕ್ಕೆಹುಳ. ಮಲದಿಂದ ಒದ್ದೆ ಮಣ್ಣಿಗೆ ಬರುತ್ತೆ. ಅಲ್ಲಿಂದ ಪಾದದ ಚರ್ಮ ಕೊರೆದು ಒಳಗೆ ಹೋಗುತ್ತೆ, ಕರುಳಲ್ಲಿ ಕೂತು ರಕ್ತ ಹೀರುತ್ತೆ. ಮೊದಲೇ ಸೋತ ಮೈ. ಅದರ ಮೇಲೆ ಎಣ್ಣೆ ಶ್ವಾಸಕೋಶಕ್ಕೂ ಇಳಿದಿದೆ.”

“ಏನು ಮಾಡ್ಬೇಕಿತ್ತು ಮೇಡಂ?”

“ಹುಳದ ಔಷಧಿ, ಒಣ ಜಾಗ. ಹೆಚ್ಚೇನಿಲ್ಲ.”

ಆ ‘ಹೆಚ್ಚೇನಿಲ್ಲ’ ಅವನ ಎದೆಗೆ ನಾಟಿತು. ಏನೆಲ್ಲ ಮಾಡಿದರೂ ನಟ್ಟಿ ಉಳಿಯಲಿಲ್ಲ.

ಹೆಂಡತಿ ಅಳಲಿಲ್ಲ. “ಗಿರಾಕಿ ಗಾಡಿಗಾದ್ರೆ ಯಾವ ಎಣ್ಣೆ ಅಂತ ಹತ್ತು ಸಲ ಕೇಳ್ತೀರಿ. ಇದಕ್ಕೆ ಹೇಳೋಕೆ ಬಂದೋರನ್ನೂ ನಕ್ಕು ಕಳಿಸಿದ್ರಿ.”

ಅವನು ಮರಿಯನ್ನೆತ್ತಿಕೊಂಡು ಮತ್ತೆ ಆಸ್ಪತ್ರೆಗೆ ಹೋದ. ವೈದ್ಯೆ ಅದರ ತೂಕ ನೋಡಿ ಔಷಧಿ ಕೊಟ್ಟರು, ಮತ್ತೆ ಯಾವಾಗ ಕರೆತರಬೇಕೆಂದೂ ಹೇಳಿದರು. ಅವನು ನೀರು ಹೋಗಲು ಕಾಲುವೆ ತೋಡಿದ, ಗೋಣಿ ಸುಟ್ಟ, ಬಿಸಿಲು ಬೀಳುವ ಕಡೆ ಹಲಗೆ ಹಾಸಿದ. ಮರಿ ಚೇತರಿಸಿಕೊಂಡಿತು. ಟೈಲರಕ್ಕನ ಅಂಗಡಿ ಮುಂದೆ ಮಾತ್ರ ಅವನು ಈಗಲೂ ತಲೆ ಎತ್ತಿ ನಡೆಯುವುದಿಲ್ಲ.

ನಿಮ್ಮ ನಾಯಿಯೂ ಪಾದ ಕಡಿದುಕೊಳ್ಳುತ್ತಿದೆಯೇ? ಕಂಡದ್ದನ್ನೆಲ್ಲ ಬಳಿಯಬೇಡಿ, ಪಶುವೈದ್ಯರಿಗೆ ತೋರಿಸಿ. ಮಲವನ್ನು ದಿನವೂ ತೆಗೆಯಿರಿ, ಮಲಗುವ ಜಾಗ ಒಣಗಿರಲಿ. ಆ ಮಣ್ಣಿನಲ್ಲಿ ಮಕ್ಕಳು ಬರಿಗಾಲಲ್ಲಿ ಆಡದಿರಲಿ. ಈ ಹುಳ ಮನುಷ್ಯರ ಚರ್ಮಕ್ಕೂ ಇಳಿಯುತ್ತದೆ. ನಾಳೆ ನೋಡಿದರಾಯಿತು ಎನ್ನಬೇಡಿ. ಬಾಯಿ ಬಾರದ ಜೀವ ನಿಮ್ಮನ್ನು ದೂರುವುದಿಲ್ಲ. ಆಮೇಲೆ ನಿಮ್ಮನ್ನು ನೀವೇ ದೂರಿಕೊಳ್ಳಬೇಕಾದೀತು.