ಮಾದಪ್ಪ ತೀರ್ಮಾನಿಸಿದ ಸ್ಪೆಲ್ಲಿಂಗು

"ಡಿಕ್ಸನರಿ ಬರ್ದವ್ನೂ ಮನ್ಸನೇ ಕಣವ್ವ, ತೆಪ್ಪು ಮಾಡಿರ್ಬೌದು," ಅಂದ ಚಿಕ್ಕಬಸಪ್ಪ.

ಪ್ಲಸ್ ಟು ಮುಗಿಸಿ, ತಮಿಳು ಸೀಮೆಗೆ ಸೇರಿದ ಗಡಿಯೂರು ಗೆಟ್ಟವಾಡಿಯ ತನ್ನ ಮನೆ ಜಗಲಿಯಲ್ಲಿ ಹನ್ನೊಂದು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದ ಅನುಶ್ರೀ ಡಿಕ್ಷನರಿ ಮುಚ್ಚಿದಳು. ಚಿಕ್ಕಬಸಪ್ಪನ ಮಗಳು ಪೂಜ 'ರಿಸೀವ್' ಬರೆಯುವಾಗ ಐ ಮೊದಲು, ಇ ಆಮೇಲೆ ಹಾಕಿದ್ದಳು. ಸಿ ಆದಮೇಲೆ ಇ-ನೇ ಮುಂದೆ, ಅದು ರೂಲು ಅಂತ ಅನುಶ್ರೀ ಕೆಂಪು ಮಸಿಯಲ್ಲಿ ತಿದ್ದಿದ್ದಳು. ಮನೆಯಲ್ಲಿ ಹಾಗೆ ಹೇಳಿಕೊಟ್ಟವನು ಚಿಕ್ಕಬಸಪ್ಪನೇ ಆದ್ದರಿಂದ ಕೆಂಪು ಗೀಟು ಅವನ ಮೈಮೇಲೇ ಎಳೆದಂತಾಗಿತ್ತು. ಇವಳ ಹತ್ತಿರ ಮಕ್ಕಳನ್ನು ಬಿಡಬೇಡಿ ಅಂತ ಊರೆಲ್ಲ ಸಾರಿ ಬಂದಿದ್ದ. ಟ್ಯೂಷನ್ ನಿಂತ ದಿನವೇ ಗಂಡು ನೋಡುತ್ತೇನೆ ಅಂತ ಅನುಶ್ರೀಯ ಅಪ್ಪ ಮೊದಲೇ ಹೇಳಿಟ್ಟಿದ್ದ.

ಬೋರು ಕೊರೆಸುವುದಿರಲಿ, ಹಸು ಮಾರುವುದಿರಲಿ, ಗುಡಿಯ ಮಾದಪ್ಪನ ಹತ್ತಿರ ಹೂ ಕೇಳದೆ ಹೆಜ್ಜೆ ಇಡದ ಊರು ಅದು. ಇದಕ್ಕೂ ಕೇಳೋಣ ಅಂದರು. ಪೂಜಾರಿ ಮಲ್ಲಪ್ಪ ದೇವರ ಎರಡೂ ಭುಜಕ್ಕೆ ನೀರು ಹಚ್ಚಿ ಕಣಗಲೆ ಹೂ ಅಂಟಿಸಿದ. ಬಲದ್ದು ಬಿದ್ದರೆ ಅನುಶ್ರೀ ಸರಿ, ಎಡದ್ದು ಬಿದ್ದರೆ ಚಿಕ್ಕಬಸಪ್ಪ. ಅರ್ಧ ಗಂಟೆಯಾದರೂ ಎರಡೂ ಅಲುಗಲಿಲ್ಲ. ಇಂಗ್ಲಿಷಲ್ಲವಾ, ಸ್ವಾಮಿ ಯೋಚನೆ ಮಾಡ್ತಾವ್ನೆ ಅಂತ ಮಲ್ಲಪ್ಪ ಸಮಾಧಾನ ಹೇಳಿದ. ತಮಿಳಿನಲ್ಲೂ ಒಂದು ಸಲ ಕೇಳಿನೋಡಿ ಅಂದಳು ಮುದುಕಿ ಪುಟ್ಟಮಾದಮ್ಮ. ಕೇಳಿದರು.

ಎಡಗಡೆ ಹೂ ಬಿತ್ತು.

ಚಿಕ್ಕಬಸಪ್ಪ ಮೀಸೆ ತೀಡಿಕೊಳ್ಳುವಷ್ಟರಲ್ಲಿ ಮಲ್ಲಪ್ಪ ಆ ಹೂವನ್ನು ಅವನ ಕಿವಿಗೆ ಸಿಕ್ಕಿಸಿದ. ಹೂ ಯಾರ ಪಾಲಿಗೆ ಬಿತ್ತೋ ಅವರೇ ಕೆಲಸ ಹೊರಬೇಕು, ಹಿಂದಿನಿಂದ ಬಂದ ಕಟ್ಟಳೆ, ನಾಳೆಯಿಂದ ಮಕ್ಕಳಿಗೆ ನೀನೇ ಹೇಳಿಕೊಡು ಅಂದ.

ಮಾರನೆಯ ಸಂಜೆ ಅನುಶ್ರೀಯ ಅಪ್ಪ ಗಂಡಿನ ಕಡೆಯವರನ್ನು ಕಾಣಲು ಹಾಸನೂರಿಗೆ ಹೊರಟು ನಿಂತಿದ್ದ. ಅಷ್ಟರಲ್ಲಿ ಚಿಕ್ಕಬಸಪ್ಪ ಹನ್ನೊಂದು ಮಕ್ಕಳನ್ನೂ ಸಾಲಾಗಿ ಕರೆದುಕೊಂಡು ಬಂದ. ಬಾಡಿದ ಹೂ ಕಿವಿಯಲ್ಲೇ ಇತ್ತು. ನೈಫ್‌ಗೆ ಕೆ ಯಾಕೆ, ವೆಡ್ನೆಸ್‌ಡೇಗೆ ನಡುವೆ ಡಿ ಯಾಕೆ ಅಂತ ಮಕ್ಕಳು ಅವನನ್ನು ಅರೆದುಬಿಟ್ಟಿದ್ದವು. ಒಂದೊಂದಕ್ಕೂ ಹೂ ಕೇಳುತ್ತಾ ಕೂತರೆ ಮಾದಪ್ಪನ ಭುಜ ಸವೆಯುತ್ತಿತ್ತು.

"ಸ್ವಾಮಿ ಒಂದ್ ಪದಕ್ಕೆ ಮಾತ್ರ ಊವು ಕೊಟ್ಟವ್ನೆ ಕಣವ್ವ. ಮಿಕ್ಕ ಇಂಗ್ಲೀಸೆಲ್ಲ ನಿಂದೇಯ."

"ಆ ಒಂದ್ ಪದ, ದೊಡ್ಡಪ್ಪ?"

"ಅದ್ನ ನೀನೂ ಬರೀಬ್ಯಾಡ, ನಾನೂ ಬರ್ಯಾಕಿಲ್ಲ. ಬುಟ್ಬುಡು."

ಅನುಶ್ರೀಯ ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಪೂಜ ಸ್ಲೇಟು ತೊಡೆಯ ಮೇಲಿಟ್ಟುಕೊಂಡು 'ರಿಸೀವ್' ಪದವನ್ನು ಸಿ ವರೆಗೆ ಬರೆದು, ಎರಡಕ್ಷರದ ಜಾಗ ಬಿಟ್ಟು, ಮಿಕ್ಕದ್ದನ್ನು ಬರೆದಳು. ಆಮೇಲೆ ಎದ್ದು ಅಪ್ಪನ ಕಿವಿಯಿಂದ ಹೂ ತೆಗೆದು ಖಾಲಿ ಜಾಗದಲ್ಲಿಟ್ಟಳು.