ಬುತ್ತಿಡಬ್ಬಿಯ ನೀರು

"ಆ ಸೂರಿನ ಕೆಳಗೆ ನಿನ್ನ ಮಗನ್ನ ಕಳಿಸ್ತೀಯೇನಯ್ಯ ಮೇಸ್ತ್ರಿ? ಅವನನ್ನ ಕಳಿಸು, ಹಿಂದೇನೇ ನಾನೂ ಹೋಗ್ತೀನಿ."

"ಬಾಯಿ ಮಾಡ್ಬೇಡ ಹೋಬರ್ಟ್. ಸೂರಿಗೆ ಆನಿಸೋ ಮರದ ಕಂಬ ಸೋಮವಾರ ಬರ್ತವೆ."

"ಸೋಮವಾರದ ಕಂಬ ಇವತ್ತು ಬೀಳೋ ಬಂಡೇನ ಹಿಡೀತವಾ?"

ವೆಸ್ಟ್ ವರ್ಜೀನಿಯಾದ ಆ ಕಲ್ಲಿದ್ದಲು ಗಣಿಯ ಬಾಯಲ್ಲಿ ಅರವತ್ತು ಮಂದಿ ನೆಲ ನೋಡುತ್ತ ನಿಂತಿದ್ದರು. ಹೋಬರ್ಟ್ ಕಾಲು ಗಂಟೆಯಿಂದ ಕೂಗಾಡುತ್ತಿದ್ದ. ಒಬ್ಬನೂ ಅವನ ಜೊತೆ ದನಿಗೂಡಿಸಲಿಲ್ಲ. ಎಲ್ಲರದೂ ಕಂಪನಿ ಕೊಟ್ಟ ಮನೆ. ಕೆಲಸ ಹೋದ ದಿನವೇ ಬೀಗ ಬೀಳುತ್ತಿತ್ತು. ಅವನ ಸಿಟ್ಟು ಮುದುಕ ಈನಸ್‌ನ ಮೇಲೆ ತಿರುಗಿತು.

"ನೀನಾದ್ರೂ ಬಾಯಿ ಬಿಡು ಮಾವ. ಮನೆ ಜೊತೆ ನಾಲಿಗೇನೂ ಕಂಪನೀನೇ ಕೊಟ್ಟಿದ್ಯಾ?"

ಯಾರೋ ಕಿಸಕ್ಕೆಂದರು. ಈನಸ್ ಮೇಸ್ತ್ರಿ ಕ್ಲೀಟಸ್‌ನ ಕಡೆ ನೋಡಿದ.

"ಬೆಳಿಗ್ಗೆ ಒಳಗೆ ಹೋಗಿ ಸೂರು ತಟ್ಟಿ ನೋಡ್ದೆ ಕ್ಲೀಟಸ್. ಟೊಳ್ಳು ಸದ್ದು ಬಂತು, ಬಂಡೆ ಬಿಟ್ಕೊಂಡಿದೆ."

ಅಷ್ಟು ಹೇಳಿ ಬುತ್ತಿಡಬ್ಬಿಯ ಮುಚ್ಚಳ ತೆಗೆದ. ಮೇಲಿನ ತಟ್ಟೆಯಲ್ಲಿ ಜೋಳದ ರೊಟ್ಟಿ, ಬೇಯಿಸಿದ ಹುರುಳಿಕಾಯಿ. ತಳದಲ್ಲಿ ದಿನಕ್ಕಾಗುವಷ್ಟು ನೀರು. ನೀರಿಲ್ಲದೆ ಗಣಿಗೆ ಯಾರೂ ಇಳಿಯುವುದಿಲ್ಲ. ಗಣಿಯ ಬಾಯಲ್ಲಿ ಒಬ್ಬ ನೀರು ಚೆಲ್ಲಿದನೆಂದರೆ ಅವನೂ ಇಳಿಯುವುದಿಲ್ಲ, ಮಾನವಿದ್ದ ಇನ್ನೊಬ್ಬನೂ ಇಳಿಯುವುದಿಲ್ಲ.

ಮೇಸ್ತ್ರಿ ದನಿ ತಗ್ಗಿಸಿದ. "ಮನೇಲಿರೋ ಲಾಟಿಯನ್ನ ನೆನೆಸ್ಕೊ ಈನಸ್. ಮೊದಲು ಚೆಲ್ಲಿದೋನಿಗೆ ಮನೆ ಉಳಿಯಲ್ಲ."

ಲಾಟಿ ಈನಸ್‌ನ ಹೆಂಡತಿ, ಎರಡು ವರ್ಷದಿಂದ ಹಾಸಿಗೆ ಬಿಟ್ಟೇಳದವಳು.

"ಅವಳನ್ನ ಕೇಳ್ಕೊಂಡೇ ಬಂದಿದೀನಿ."

ನೀರು ಕರಿ ಮಣ್ಣಿನ ಮೇಲೆ ಬಿತ್ತು. ಪಕ್ಕದವನು ಚೆಲ್ಲಿದ. ಅವನಾಚೆಯವನೂ. ಸಾಲುದ್ದಕ್ಕೂ ನೀರು ಬೀಳುವ ಸದ್ದು. ಮೇಸ್ತ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಷ್ಟೆಲ್ಲ ಕಿರುಚಿದರೂ ತನ್ನ ಡಬ್ಬಿ ಇನ್ನೂ ತುಂಬಿದೆಯೆಂದು ಹೋಬರ್ಟ್‌ಗೆ ಆಗ ಅರಿವಾಯಿತು. ಎಲ್ಲರಿಗಿಂತ ಕೊನೆಗೆ ಚೆಲ್ಲಿದವನು ಅವನೇ.

"ಮಾವಾ," ಎಂದ. ಖಾಲಿ ಡಬ್ಬಿ ಹಿಡಿದು ಅವನತ್ತ ಒಂದು ಹೆಜ್ಜೆ ಇಟ್ಟ.

ಈನಸ್ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಾಜರಿ ಹಲಗೆಯ ಮೊಳೆಗೆ ತೂಗುಹಾಕಿ, ಖಾಲಿ ಡಬ್ಬಿ ಹಿಡಿದು ಹಳಿಗುಂಟ ಮನೆಯ ಕಡೆ ನಡೆದು ಹೋದ. ನಾಲ್ಕನೆಯ ದಿನ ಕಂಬಗಳು ಬಂದವು. ಉಳಿದವರು ತಮ್ಮ ಬಿಲ್ಲೆ ತೆಗೆದುಕೊಂಡು ಒಳಗಿಳಿದರು; ಈನಸ್‌ನ ಬಿಲ್ಲೆ ಮಾತ್ರ ಆ ಮೊಳೆಯಲ್ಲೇ ಉಳಿಯಿತು.