ಮಾವನ ಬಲಗೈ

ಬೆಳಿಗ್ಗೆ ಹರಳೆಣ್ಣೆಯ ಬಟ್ಟಲನ್ನು ಕೆಂಡದ ಮೇಲಿಟ್ಟು, ಬೆರಳು ಅದ್ದಿ ಬಿಸಿ ನೋಡಿದೆ. ಅತ್ತೆ ಪಟ್ಟಲಮ್ಮ ರಾಗಿ ಕೇರುತ್ತಿದ್ದರು.

ಎರಡನೆಯ ಮಹಾಯುದ್ಧ ಮುಗಿದ ವರ್ಷ ಮಾವನ ಬಲಗೈ ನಡುಗಲು ಶುರುವಾಯಿತು. ಶಿವನಸಮುದ್ರದ ಪವರ್ ಹೌಸಿನಲ್ಲಿ ಫಿಟ್ಟರ್ ಆಗಿದ್ದವರು, ಈಗ ಅಂಗಿಯ ಗುಂಡಿ ಹಾಕಿಕೊಳ್ಳಲಾರರು. ಮೈಯೆಲ್ಲ ಬಿಗಿ, ಮುಖವೂ. ಮಾತು ಪಿಸುದನಿ, ಅದೂ ಅಪರೂಪ. ಮಂಡ್ಯದ ಡಾಕ್ಟರು ಪಾರ್ಕಿನ್ಸನ್ ಎಂದು ಹೆಸರು ಹೇಳಿ ಔಷಧಿ ಕೊಟ್ಟರು. "ಜೊತೆಗೆ ದಿನಾ ಎಣ್ಣೆ ಹಚ್ಚಿ ನೀವಿ. ಕಾಯಿಲೆ ಹೋಗಲ್ಲ, ಬಿಗಿ ಕೊಂಚ ಸಡಿಲವಾಗಬಹುದು," ಎಂದರು.

ಮೊದಲು ನಮ್ಮ ಮನೆಯವರು ನೀವಿದರು.

"ಎತ್ತಿನ ಮೈ ತಿಕ್ದಂಗೆ ತಿಕ್ಬ್ಯಾಡ ಕಣ್ಲಾ ಪುಟ್ಟರಾಜು, ನಿಮ್ಮಪ್ಪ ಅವ್ರು," ಎಂದು ಅತ್ತೆ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. "ಮಾಯಿ, ನಿಮ್ಮವ್ವ ಕೊಪ್ಪದಾಗೆ ಕೂಸ್ಗಳಿಗೆ ಎಣ್ಣೆ ನೀವ್ತಿದ್ಲಲ್ಲ, ನಿಂಗೂ ಬತ್ತದಾ?"

ಬರುತ್ತಿತ್ತು. ಅವ್ವನ ಜೊತೆ ಹೋಗಲೆಂದೇ ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಮಾವನ ಎದುರು ನಿಂತು ಮಾತಾಡದ ಸೊಸೆ ಅವರ ಕೈ ಹಿಡಿಯುವುದು ಹೇಗೆ? ಕೂಸಿಗೆ ನೀವಿದಂತೆಯೇ ನೀವಿದೆ, ಭುಜದಿಂದ ಬೆರಳ ತುದಿಗೆ, ಹೆಚ್ಚು ಒತ್ತದೆ. ಕೂಸಾದರೆ ಅಳುತ್ತದೆ, ಇಲ್ಲವೇ ನಿದ್ದೆಹೋಗುತ್ತದೆ, ಗೊತ್ತಾಗುತ್ತದೆ. ಮಾವನ ಮುಖ ಅಲುಗಲಿಲ್ಲ.

ಹತ್ತನೆಯ ದಿನ ಅವರೇ ಲೋಟ ಎತ್ತಿ ಕಾಫಿ ಕುಡಿದರು. ಮರುದಿನ ಅರ್ಧ ಚೆಲ್ಲಿದರು. ಎಣ್ಣೆ ನೀವಿದ್ದು ಫಲ ಕೊಡುತ್ತಿತ್ತೋ ಇಲ್ಲವೋ, ತಿಳಿಯಲಿಲ್ಲ.

ನಿನ್ನೆ ಅತ್ತೆ ಬಂದು ಅವರ ಮುಖ ದಿಟ್ಟಿಸಿದರು.

"ಸಿಟ್ಟು ಕಣಮ್ಮ ಅದು. ನಲವತ್ತು ವರ್ಸದಿಂದ ನೋಡಿವ್ನಿ. ಸೊಸೆ ಮುಟ್ಟೋದು ಅವ್ರಿಗೆ ಒಗ್ತಿಲ್ಲ."

"ಒಬ್ಬಟ್ಟು ಇಕ್ಕಿದಾಗ್ಲೂ ಮೊಕ ಇಂಗೇ ಇತ್ತಲ್ಲತ್ತೆ."

"ಅಂಗಾರೆ ನನ್ನ ಒಬ್ಬಟ್ಟೂ ಚೆಂದಾಗಿರ್ನಿಲ್ಲ ಅನ್ನು." ಅತ್ತೆ ಮತ್ತೊಮ್ಮೆ ಮಾವನ ಮುಖ ನೋಡಿದರು. "ನಾಳೆ ನೀನೇ ಕೇಳು. ಬೇಕು ಅಂದ್ರೆ ಮಾಡು, ಇಲ್ದಿದ್ರೆ ಬುಟ್ಬುಡು."

ಇವತ್ತು ಎಣ್ಣೆಯ ಬಟ್ಟಲು ಹಿಡಿದು ಹೊರಗೆ ಬಂದೆ. ಮಾವ ಎಂದಿನಂತೆ ಜಗಲಿಯ ಬಿಸಿಲಲ್ಲಿ ಕುಳಿತಿದ್ದರು. ಎಣ್ಣೆಗೆಂದು ಬಂದಿದ್ದರೋ, ಬಿಸಿಲಿಗೆಂದೋ. ಅತ್ತೆ ಮೊರ ಕೆಳಗಿಟ್ಟು ಬಾಗಿಲಲ್ಲಿ ನಿಂತರು. ನಾನು ಮಾವನ ಕೈಯನ್ನು ನನ್ನ ಅಂಗೈ ಮೇಲೆ ಇಟ್ಟುಕೊಂಡೆ. ನಡುಕಕ್ಕೆ ಅದು ನನ್ನ ಕಡೆ ಬರುತ್ತಿತ್ತು, ಹಿಂದೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. ಮದುವೆಯಾದ ಮೇಲೆ ಮೊದಲ ಸಲ ಅವರ ಮುಖ ನೋಡಿ ಮಾತಾಡಿದೆ.

"ಮಾವ, ಬ್ಯಾಡ ಅಂದ್ರೆ ಕೈ ಎಳ್ಕಳಿ. ಬೇಕು ಅಂದ್ರೆ ಇಲ್ಲೇ ಬುಡಿ."